ಪಾರ್ಶ್ವವಾಯುವಿನ ನಂತರದ ಭಾಷಾಚೇತರಿಕೆಯಲ್ಲಿ ಸಂಗೀತ ಶ್ರವಣ

ಮಿದುಳಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡು ಅಥವಾ ಒಡೆದು ಅಲ್ಲಿನ ನರಕೋಶಗಳು ಸಾಯುವುದರಿಂದ ಬರುವ ಪಾರ್ಶ್ವವಾಯು, ಬೆಳಗಾವಿ ಸೀಮೆಯ ಆಡುಮಾತಿನ ಲಕ್ವಾ, ಕೈಕಾಲಿನ ಬಲವನ್ನಷ್ಟೇ ಅಲ್ಲದೆ ಅನೇಕರಲ್ಲಿ ಮಾತನ್ನೂ ಕಸಿದುಕೊಳ್ಳುತ್ತದೆ. ಮಿದುಳಿನ ಭಾಷಾಕೇಂದ್ರಗಳಿಗೆ ಪೆಟ್ಟು ಬಿದ್ದು ಉಂಟಾಗುವ ಈ ಭಾಷಾನಷ್ಟಕ್ಕೆ ವೈದ್ಯಶಾಸ್ತ್ರದಲ್ಲಿ ಅಫೇಸಿಯಾ ಎಂದು ಹೆಸರು. ಪಾರ್ಶ್ವವಾಯುವಿಗೆ ತುತ್ತಾದವರಲ್ಲಿ ಸರಿಸುಮಾರು ಮೂವರಲ್ಲಿ ಒಬ್ಬರಿಗೆ ಮೊದಲ ದಿನಗಳಲ್ಲಿ ಇದು ಕಾಣಿಸಿಕೊಳ್ಳುತ್ತದೆ. ರೋಗಿ ತನಗೆ ಇಷ್ಟವಾದ ಹಾಡುಗಳನ್ನು, ಅದರಲ್ಲೂ ಸಾಹಿತ್ಯವುಳ್ಳ ಗಾಯನವನ್ನು, ಕಾಯಿಲೆಯ ಮೊದಲ ತಿಂಗಳುಗಳಲ್ಲಿ ದಿನವೂ ಕೇಳುವುದರಿಂದ ಪದಗಳ ನೆನಪು ಮತ್ತು ಭಾಷೆ ಬೇಗ ಸುಧಾರಿಸುತ್ತವೆ ಎಂಬುದನ್ನು 2008ರಿಂದ ಈಚೆಗೆ ನಡೆದ ಪ್ರಯೋಗಗಳು, ಮುಖ್ಯವಾಗಿ ಫಿನ್ಲೆಂಡ್ ದೇಶದವು, ತೋರಿಸಿವೆ. ವಾಕ್ ಚಿಕಿತ್ಸೆಯ ಜಾಗವನ್ನು ಸಂಗೀತ ತುಂಬಲಾರದು. ಆದರೆ ಚಿಕಿತ್ಸಕರು ಕೈಗೆಟುಕದ ಊರುಗಳಲ್ಲಿ ಮನೆಯವರೇ ಮೊದಲ ವಾರದಿಂದ ಕೈಗೊಳ್ಳಬಹುದಾದ ಸಾಧನ ಇದೊಂದೇ ಆಗಿರುವುದುಂಟು. ಕೃಷ್ಣಾ ನದಿಯ ದಂಡೆಯಲ್ಲಿರುವ ಕಾಗವಾಡ ತಾಲೂಕಿನ ಜುಗೂಳ ಮತ್ತು ಅದರ ಸುತ್ತಲಿನ ಅಥಣಿ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ತಾಲೂಕುಗಳಂಥ ಕನ್ನಡ–ಮರಾಠಿ ಗಡಿಸೀಮೆಯ ಹಿನ್ನೆಲೆಯಲ್ಲಿ ಈ ವಿಷಯ ವಿಶೇಷ ಗಮನಕ್ಕೆ ಅರ್ಹವಾಗಿದೆ.

ಭಾಷಾನಷ್ಟದ ಸ್ವರೂಪ

ಮಾತು ಮಿದುಳಿನ ಎಡಭಾಗವನ್ನು ಅವಲಂಬಿಸಿದೆ ಎಂಬುದನ್ನು ಫ್ರಾನ್ಸಿನ ಪಾಲ್ ಬ್ರೋಕಾ 1860ರ ದಶಕದಲ್ಲಿ ಸ್ಥಾಪಿಸಿದನು. 1861ರಲ್ಲಿ ಅವನು ಪರೀಕ್ಷಿಸಿದ ರೋಗಿ ಇತರರ ಮಾತನ್ನು ಬಹಳಮಟ್ಟಿಗೆ ತಿಳಿದುಕೊಳ್ಳುತ್ತಿದ್ದರೂ ಬಾಯಿಂದ 'ತಾನ್' ಎಂಬ ಒಂದೇ ಉಚ್ಚಾರವನ್ನು ಹೊರಡಿಸುತ್ತಿದ್ದನು. ಮರಣಾನಂತರ ಅವನ ಮಿದುಳಿನ ಎಡ ಮುಂಭಾಗದಲ್ಲಿ ಗಾಯ ಕಂಡುಬಂದಿತು. 1874ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ ಇದಕ್ಕೆ ವಿರುದ್ಧವಾದ ಇನ್ನೊಂದು ಬಗೆಯನ್ನು ವಿವರಿಸಿದನು: ಅದರಲ್ಲಿ ಮಾತು ಸರಾಗವಾಗಿ ಹರಿಯುತ್ತದೆ, ಆದರೆ ಅರ್ಥ ಕೂಡುವುದಿಲ್ಲ, ಎದುರಿನವರು ಆಡಿದ್ದೂ ತಿಳಿಯುವುದಿಲ್ಲ. ಮೊದಲನೆಯದನ್ನು ನಿರರ್ಗಳತೆ ಕುಂದಿದ ಅಫೇಸಿಯಾ ಎಂದೂ ಎರಡನೆಯದನ್ನು ನಿರರ್ಗಳ ಅಫೇಸಿಯಾ ಎಂದೂ ಕರೆಯುತ್ತಾರೆ. ಕನ್ನಡದಂಥ ಪ್ರತ್ಯಯಪ್ರಧಾನ ಭಾಷೆಯಲ್ಲಿ ಪೆಟ್ಟು ವಿಶೇಷವಾಗಿ ಪದಗಳ ಕೊನೆಗೆ ತಗಲುತ್ತದೆ. ವಿಭಕ್ತಿ, ಕಾಲ, ಲಿಂಗ, ವಚನಗಳನ್ನು ಸೂಚಿಸುವ ಪ್ರತ್ಯಯಗಳು ಬಿಟ್ಟುಹೋಗಬಹುದು ಅಥವಾ ಒಂದರ ಜಾಗದಲ್ಲಿ ಇನ್ನೊಂದು ಬರಬಹುದು. ಎರಡು ಬಗೆಗಳಲ್ಲಿಯೂ ಬುದ್ಧಿ ಮಂಕಾಗಿದೆಯೆಂದು ಭಾವಿಸುವುದು ತಪ್ಪು. ಮಾತು ನಿಂತ ಹಿರಿಯರನ್ನು ಮನೆಯ ವ್ಯವಹಾರದಿಂದ ದೂರವಿಡುವುದು, ಅವರ ಎದುರಿಗೇ ಅವರ ಬಗ್ಗೆ ಮಾತಾಡುವುದು ಈ ತಪ್ಪು ಕಲ್ಪನೆಯ ಫಲವಾಗಿದ್ದು, ರೋಗಿಗೆ ಕಾಯಿಲೆಗಿಂತ ಹೆಚ್ಚಿನ ನೋವು ಕೊಡುವ ನಡವಳಿಕೆಯಾಗಿದೆ.

ಮಾತು ಹೋದವರಲ್ಲಿ ಕೆಲವರು ಹಾಡಬಲ್ಲರು ಎಂಬುದು ಬ್ರೋಕಾನಿಗಿಂತ ಹಿಂದಿನ ತಿಳಿವಳಿಕೆ. 1745ರಲ್ಲಿ ಸ್ವೀಡನ್ನಿನ ಓಲೋಫ್ ದಾಲಿನ್ ಒಬ್ಬ ರೋಗಿಯನ್ನು ಕುರಿತು ಬರೆದಿದ್ದು, ಬಲಭಾಗ ಬಿದ್ದು ಮಾತು ಕಳೆದುಕೊಂಡಿದ್ದ ಆ ವ್ಯಕ್ತಿ ತಾನು ಮೊದಲೇ ಕಲಿತಿದ್ದ ಪ್ರಾರ್ಥನಾಗೀತೆಗಳನ್ನು, ಇನ್ನೊಬ್ಬರು ಎತ್ತಿಕೊಟ್ಟರೆ, ಪದಗಳ ಸಮೇತ ಸ್ಪಷ್ಟವಾಗಿ ಹಾಡುತ್ತಿದ್ದನು. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ವೈದ್ಯ ಹ್ಯೂಲಿಂಗ್ಸ್ ಜಾಕ್ಸನ್, ಯೋಚಿಸಿ ಕಟ್ಟುವ ಮಾತು ಬೇರೆ, ಬೈಗುಳ, ದೇವರ ಹೆಸರು, ಎಣಿಕೆ, ಪ್ರಾರ್ಥನೆ ಮೊದಲಾದ ತಾನಾಗಿ ಹೊರಡುವ ಮಾತು ಬೇರೆ ಎಂಬ ಭೇದವನ್ನು ಗುರುತಿಸಿ, ಎರಡನೆಯದು ಮಿದುಳಿನ ಬಲಭಾಗದ ನೆರವಿನಿಂದಲೂ ಉಳಿಯಬಲ್ಲದೆಂದು ಸೂಚಿಸಿದನು. ಜುಗೂಳ ಭಾಗದ ಜೈನ ಮನೆತನದ ವೃದ್ಧರೊಬ್ಬರು 'ನೀರು' ಎನ್ನಲಾಗದೆ ತಡವರಿಸುತ್ತಿದ್ದರೂ ಪಂಚನಮಸ್ಕಾರ ಮಂತ್ರವನ್ನು ತಡೆಯಿಲ್ಲದೆ ಹೇಳಿ ಮುಗಿಸಬಲ್ಲರೆಂದರೆ ಅದರ ಕಾರಣ ಇದೇ. ಆದ್ದರಿಂದ ಹಾಡು ಬಂದ ಮಾತ್ರಕ್ಕೆ ಮಾತು ಮರಳಿತೆಂದು ಮನೆಯವರು ತಿಳಿಯಬಾರದು. ಹಾಡಿನ ಸಾಲನ್ನು ಹೇಳಬಲ್ಲವರು ಅದೇ ಸಾಲಿನ ಒಂದು ಪದವನ್ನು ಬೇರೆ ಸಂದರ್ಭದಲ್ಲಿ ಬಳಸಲಾರದೆ ಇರಬಹುದು.

ಹಾಡುವಿಕೆಯಿಂದ ಕೇಳುವಿಕೆಯ ಕಡೆಗೆ

ಉಳಿದ ಹಾಡನ್ನು ಹೋದ ಮಾತಿಗೆ ಮೆಟ್ಟಿಲಾಗಿಸುವ ಮೊದಲ ವ್ಯವಸ್ಥಿತ ಪ್ರಯತ್ನ ಅಮೆರಿಕದ್ದು. 1973ರಲ್ಲಿ ಆಲ್ಬರ್ಟ್, ಸ್ಪಾರ್ಕ್ಸ್ ಮತ್ತು ಹೆಲ್ಮ್ ಎಂಬವರು ರಾಗಾನುಸಾರಿ ಉಚ್ಚಾರ ಚಿಕಿತ್ಸೆಯನ್ನು ಪ್ರಕಟಿಸಿದರು. ಇದರಲ್ಲಿ ಚಿಕಿತ್ಸಕರು ದಿನಬಳಕೆಯ ಚಿಕ್ಕ ವಾಕ್ಯವನ್ನು ಒಂದು ಏರುಸ್ವರ, ಒಂದು ಇಳಿಸ್ವರಗಳಲ್ಲಿ ನಿಧಾನವಾಗಿ ಹಾಡುತ್ತ ರೋಗಿಯ ಎಡಗೈಯನ್ನು ಪ್ರತಿ ಅಕ್ಷರಕ್ಕೆ ಒಂದು ಸಲ ಮೇಜಿನ ಮೇಲೆ ತಟ್ಟಿಸುತ್ತಾರೆ. ಗಡಿಭಾಗದ ಕನ್ನಡದಲ್ಲಾದರೆ 'ನೀರ ಬೇಕ' ಎಂಬ ವಾಕ್ಯದ 'ನೀ' ಮತ್ತು 'ಬೇ' ಮೇಲಿನ ಸ್ವರದಲ್ಲಿ ಎಳೆದು ನಿಲ್ಲುತ್ತವೆ, 'ರ' ಮತ್ತು 'ಕ' ಕೆಳಗಿನ ಸ್ವರಕ್ಕೆ ಇಳಿಯುತ್ತವೆ. ಮೊದಲು ಚಿಕಿತ್ಸಕರು ಒಬ್ಬರೇ ಗುನುಗುತ್ತಾರೆ, ಆಮೇಲೆ ಇಬ್ಬರೂ ಕೂಡಿ ಹಾಡುತ್ತಾರೆ, ನಡುವೆ ಚಿಕಿತ್ಸಕರು ದನಿ ತಗ್ಗಿಸಿ ರೋಗಿಯೊಬ್ಬರನ್ನೇ ಮುಂದುವರಿಯಲು ಬಿಡುತ್ತಾರೆ, ಕೊನೆಗೆ 'ಏನ ಬೇಕ?' ಎಂಬ ಪ್ರಶ್ನೆಗೆ ಉತ್ತರವಾಗಿ ಅದೇ ವಾಕ್ಯ ಬರುವಂತೆ ಮಾಡಿ, ಕ್ರಮೇಣ ರಾಗವನ್ನು ಕಳಚಿ ಸಹಜ ಮಾತಿಗೆ ತರುತ್ತಾರೆ. ಮಾತನ್ನು ತಿಳಿದುಕೊಳ್ಳಬಲ್ಲ, ಆದರೆ ಆಡಲಾರದ ರೋಗಿಗಳಿಗೆ ಇದು ಹೆಚ್ಚು ಒಗ್ಗುತ್ತದೆ.

ಈ ವಿಧಾನದಲ್ಲಿ ಕೆಲಸ ಮಾಡುವುದು ರಾಗವೇ ಅಥವಾ ಲಯವೇ ಎಂಬ ಚರ್ಚೆ ಮುಂದೆ ಹುಟ್ಟಿತು. ಜರ್ಮನಿಯ ಬೆಂಜಮಿನ್ ಸ್ಟಾಲ್ ಮತ್ತು ಸಂಗಡಿಗರು 17 ರೋಗಿಗಳನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಾಡಿ ಹೇಳುವುದಕ್ಕೂ ತಾಳಕ್ಕೆ ತಕ್ಕಂತೆ ಬರಿದೇ ಮಾತಾಗಿ ಹೇಳುವುದಕ್ಕೂ ಹೆಚ್ಚಿನ ಅಂತರ ಕಾಣಲಿಲ್ಲ. ಅಂತರ ಮಾಡಿದ್ದು ಲಯ ಮತ್ತು ಸಾಹಿತ್ಯದ ಪರಿಚಯ, ಅಂದರೆ ರೋಗಿಗೆ ಮೊದಲೇ ಬಾಯಿಪಾಠವಾಗಿದ್ದ ಪದಗಳು. ತಾಳ ಮತ್ತು ಬಾಯಿಪಾಠಗಳ ಮೇಲೆಯೇ ನಿಂತಿರುವ ಭಜನೆಯ ಪರಂಪರೆಯುಳ್ಳ ಪ್ರದೇಶಕ್ಕೆ ಈ ಫಲಿತಾಂಶ ನಿರಾಶೆಯದಲ್ಲ.

ಕೇವಲ ಕೇಳುವಿಕೆಯ ಪ್ರಶ್ನೆ ಬೇರೆ ದಾರಿಯಿಂದ ಬಂದಿತು. ಪಾರ್ಶ್ವವಾಯುವಾದ ಮೊದಲ ವಾರಗಳಲ್ಲಿ ಮಿದುಳು ತನ್ನನ್ನು ಮರುಹೊಂದಿಸಿಕೊಳ್ಳಲು ಅತ್ಯಂತ ಸಿದ್ಧವಾಗಿರುತ್ತದೆ, ಆದರೆ ರೋಗಿ ಆ ಕಾಲವನ್ನು ಹಾಸಿಗೆಯಲ್ಲಿ ಸುಮ್ಮನೆ ಕಳೆಯುತ್ತಾನೆ. ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ಆಸ್ಪತ್ರೆಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅವಲೋಕನದಲ್ಲಿ ರೋಗಿಗಳು ಹಗಲಿನ ಶೇ. 60ರಷ್ಟು ಸಮಯ ಒಂಟಿಯಾಗಿದ್ದುದು ಕಂಡುಬಂದಿತ್ತು. ಈ ಖಾಲಿ ಹೊತ್ತನ್ನು ಸಂಗೀತದಿಂದ ತುಂಬಿದರೆ ಏನಾಗುತ್ತದೆ ಎಂದು ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ತೆಪ್ಪೊ ಸಾರ್ಕಾಮೊ ಮತ್ತು ಸಂಗಡಿಗರು ಪರೀಕ್ಷಿಸಿದರು. ಮಿದುಳಿನ ಮಧ್ಯ ಧಮನಿಯ ಪಾರ್ಶ್ವವಾಯುವಾದ 60 ಜನರನ್ನು ಚೀಟಿ ಎತ್ತಿದಂತೆ ಮೂರು ಗುಂಪುಗಳಾಗಿ ವಿಂಗಡಿಸಿ, ಒಂದಕ್ಕೆ ತಮಗಿಷ್ಟವಾದ ಸಂಗೀತ, ಇನ್ನೊಂದಕ್ಕೆ ಓದಿ ಧ್ವನಿಮುದ್ರಿಸಿದ ಪುಸ್ತಕಗಳನ್ನು ದಿನಕ್ಕೆ ಕನಿಷ್ಠ ಒಂದು ಗಂಟೆಯಂತೆ ಎರಡು ತಿಂಗಳು ಕೇಳಿಸಲಾಯಿತು; ಮೂರನೆಯ ಗುಂಪಿಗೆ ವಾಡಿಕೆಯ ಆರೈಕೆ ಮಾತ್ರ. ಮೂರು ತಿಂಗಳ ಹೊತ್ತಿಗೆ ಕೇಳಿದ ಪದಗಳನ್ನು ನೆನಪಿಟ್ಟುಕೊಳ್ಳುವ ಶಕ್ತಿ ಸಂಗೀತದ ಗುಂಪಿನಲ್ಲಿ ಮೊದಲ ವಾರಕ್ಕಿಂತ ಶೇ. 60ರಷ್ಟು ಹೆಚ್ಚಿತ್ತು, ಪುಸ್ತಕ ಕೇಳಿದವರಲ್ಲಿ ಇದು ಶೇ. 18, ಏನನ್ನೂ ಕೇಳದವರಲ್ಲಿ ಶೇ. 29. ಗಮನ ನಿಲ್ಲಿಸುವ ಶಕ್ತಿಯೂ ಸಂಗೀತ ಕೇಳಿದವರಲ್ಲಿಯೇ ಮೇಲಾಗಿದ್ದು, ಖಿನ್ನತೆ ಮತ್ತು ಗೊಂದಲ ಕಡಿಮೆಯಾಗಿದ್ದವು. 2008ರಲ್ಲಿ 'ಬ್ರೇನ್' ಎಂಬ ಪತ್ರಿಕೆಯಲ್ಲಿ ಪ್ರಕಟವಾದ ಈ ಅಧ್ಯಯನವೇ ಈ ಕ್ಷೇತ್ರಕ್ಕೆ ತಳಹದಿ.

ಸಂಗೀತವೆಂದರೆ ಯಾವುದು, ವಾದ್ಯವೋ ಹಾಡೋ ಎಂಬುದು ಮುಂದಿನ ಪ್ರಶ್ನೆ. ಹೆಲ್ಸಿಂಕಿಯ ಜೊತೆಗೆ ತುರ್ಕು ನಗರದಲ್ಲಿ ನಡೆದ ಎರಡನೆಯ ಪ್ರಯೋಗದ ಫಲಿತಾಂಶಗಳನ್ನೂ ಕೂಡಿಸಿ ಅಲೆಕ್ಸಿ ಸಿಹ್ವೊನೆನ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಪದಗಳ ನೆನಪಿನ ಚೇತರಿಕೆಯಲ್ಲಿ ಗಾಯನವು ವಾದ್ಯಸಂಗೀತ ಮತ್ತು ಪುಸ್ತಕ ಶ್ರವಣ ಎರಡಕ್ಕಿಂತಲೂ ಮುಂದಿತ್ತು. ಭಾಷೆಯ ಚೇತರಿಕೆಯಲ್ಲಿ, ವಿಶೇಷವಾಗಿ ಅಫೇಸಿಯಾ ಇದ್ದವರಲ್ಲಿ, ಪುಸ್ತಕ ಶ್ರವಣಕ್ಕಿಂತ ಮುಂದಿತ್ತು. ಪದವಿಲ್ಲದ ರಾಗ ಒಂದು ಕಡೆ, ರಾಗವಿಲ್ಲದ ಪದ ಇನ್ನೊಂದು ಕಡೆ ಇರಲಾಗಿ, ಎರಡೂ ಕೂಡಿದ ಹಾಡೇ ಗೆದ್ದಿತೆಂಬುದು ಈ ಎಲ್ಲ ಸಂಶೋಧನೆಗಳಲ್ಲಿ ಅತ್ಯಂತ ಬೆಲೆಯುಳ್ಳ ಸಂಗತಿ.

ಕಾರಣಗಳು

ಹಾಡು ಕಿವಿಗೆ ಬಿದ್ದಾಗ ಮಿದುಳಿನ ಎರಡೂ ಗೋಳಾರ್ಧಗಳು ಕೆಲಸಕ್ಕೆ ತೊಡಗುತ್ತವೆ. ಮಾತನ್ನು ಹೆಚ್ಚಾಗಿ ಎಡಭಾಗವೂ ರಾಗದ ಏರಿಳಿತವನ್ನು ಹೆಚ್ಚಾಗಿ ಬಲಭಾಗವೂ ಹಿಡಿಯುವುದರಿಂದ, ಪದವುಳ್ಳ ಹಾಡು ಎಡದ ಅಳಿದುಳಿದ ಜಾಲವನ್ನು ಬಲದ ಗಟ್ಟಿ ಜಾಲದೊಂದಿಗೆ ಒಟ್ಟಿಗೆ ದುಡಿಸುತ್ತದೆ. ಮಿದುಳಿನ ಚಿತ್ರಣವನ್ನು ಬಳಸಿದ ಫಿನ್ಲೆಂಡಿನ ಅಧ್ಯಯನಗಳು ಇದಕ್ಕೆ ಆಧಾರ ಒದಗಿಸಿವೆ: 2014ರ ಅಧ್ಯಯನದಲ್ಲಿ ಸಂಗೀತ ಕೇಳಿದ, ಎಡಭಾಗಕ್ಕೆ ಪೆಟ್ಟು ಬಿದ್ದ ರೋಗಿಗಳ ಮಿದುಳಿನ ಮುಂಭಾಗದಲ್ಲಿಯೂ ಭಾವನೆಗಳಿಗೆ ಸಂಬಂಧಿಸಿದ ಭಾಗಗಳಲ್ಲಿಯೂ ಬೂದುದ್ರವ್ಯ, ಅಂದರೆ ನರಕೋಶಗಳ ಪದರ, ಹೆಚ್ಚಿತ್ತು, 2021ರ ಅಧ್ಯಯನದಲ್ಲಿ ಗಾಯನ ಕೇಳಿದವರ ಎಡ ಮುಂಭಾಗದ ಓರೆ ನರಪಥ ಬಲಗೊಂಡಿತ್ತು. ಬ್ರೋಕಾ ಗುರುತಿಸಿದ ಭಾಗವನ್ನು ಮಾತಿನ ಚಲನೆಯನ್ನು ಮೊದಲುಮಾಡಿಸುವ ಮೇಲ್ಭಾಗದೊಂದಿಗೆ ಜೋಡಿಸುವ ಈ ನರಪಥ, ಮಾತು ಎತ್ತುವುದಕ್ಕೂ ತಡೆಯಿಲ್ಲದೆ ಸಾಗಿಸುವುದಕ್ಕೂ ಬೇಕಾದದ್ದು.

ಇನ್ನೊಂದು ಕಾರಣ ಮನಸ್ಸಿನದು. ಇಷ್ಟವಾದ ಸಂಗೀತ ಕೇಳುವಾಗ ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಬಿಡುಗಡೆಯಾಗುವುದನ್ನು ಕೆನಡಾದ ಮಾಂಟ್ರಿಯಲ್ ನಗರದ ಸಂಶೋಧಕರು 2011ರಲ್ಲಿ ನೇರವಾಗಿ ತೋರಿಸಿದರು. ಹುರುಪು, ಗಮನ ಮತ್ತು ಕಲಿಕೆಗೆ ಈ ರಾಸಾಯನಿಕ ಅಗತ್ಯ. ಪಾರ್ಶ್ವವಾಯುವಿನ ನಂತರ ಖಿನ್ನತೆ ಸಾಮಾನ್ಯವಾಗಿದ್ದು, ಖಿನ್ನನಾದ ರೋಗಿ ಮಾತಿನ ಅಭ್ಯಾಸಕ್ಕೆ ಮುಂದಾಗುವುದೇ ಕಷ್ಟವಾದ್ದರಿಂದ ಹಾಡು ಈ ಬಾಗಿಲನ್ನೂ ತೆರೆಯುತ್ತದೆ. ಇಷ್ಟ ಎಂಬುದು ಇಲ್ಲಿ ತೂಕದ ಮಾತು. ಇಂಥ ಕಾಯಿಲೆಗೆ ಇಂಥ ರಾಗ ಎಂದು ಪಟ್ಟಿ ಮಾಡಿ ಮಾರುವ ರಾಗಚಿಕಿತ್ಸೆಯ ಧ್ವನಿಮುದ್ರಿಕೆಗಳಿಗೆ ಈ ಅಧ್ಯಯನಗಳು ಯಾವ ಬೆಂಬಲವನ್ನೂ ಕೊಡುವುದಿಲ್ಲ. ಫಲ ಕೊಟ್ಟಿದ್ದು ರೋಗಿಯೇ ಆರಿಸಿದ ಹಾಡು, ಸಂಶೋಧಕರು ಆರಿಸಿದ ರಾಗವಲ್ಲ.

ಗಡಿಸೀಮೆಯ ಹಾಡು, ಗಡಿಸೀಮೆಯ ಮಾತು

ಜುಗೂಳದ ಎದುರು ದಂಡೆಯಲ್ಲಿ ಕೋಪೇಶ್ವರ ದೇಗುಲವಿರುವ ಖಿದ್ರಾಪುರ, ಮಹಾರಾಷ್ಟ್ರದ ಊರು. ಕಾಗವಾಡ ಭಾಗದವರಿಗೆ ಬೆಳಗಾವಿಗಿಂತ ಮಿರಜ ಹತ್ತಿರವಾಗಿದ್ದು, 1894ರಲ್ಲಿ ವಿಲಿಯಂ ವಾನ್ಲೆಸ್ ಸ್ಥಾಪಿಸಿದ ಮಿಷನ್ ಆಸ್ಪತ್ರೆಯ ಕಾಲದಿಂದ ಮಿರಜ ಈ ಸೀಮೆಯ ದವಾಖಾನೆಯ ಊರು. ಅದೇ ಊರು ಸಂಗೀತದ್ದೂ ಹೌದು: ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನ್ ಬಹುಕಾಲ ಅಲ್ಲಿ ನೆಲೆಸಿದ್ದು, 1937ರಲ್ಲಿ ತೀರಿಕೊಂಡ ಮೇಲೆ ಅವರ ಸಮಾಧಿ ಅಲ್ಲಿನ ದರ್ಗಾದ ಆವರಣದಲ್ಲಿಯೇ ಆಯಿತು, ಮಿರಜದ ಕುಶಲಿಗಳು ತಯಾರಿಸುವ ಸಿತಾರ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ಬೆಳಗಾವಿ ಜಿಲ್ಲೆಯ ಹಳ್ಳಿ. ಆದರೆ ಭಾಷಾಚೇತರಿಕೆಗೆ ಹೆಚ್ಚು ಉಪಯುಕ್ತವಾದದ್ದು ಇಂಥ ಗಾಯಕರ ಖಯಾಲಿಗಿಂತ ಊರ ಗುಡಿಯ ಹಾಡೆಂದು ಹೇಳಬೇಕಾಗುತ್ತದೆ, ಏಕೆಂದರೆ ಖಯಾಲಿನಲ್ಲಿ ಪದ ಕಡಿಮೆ, ಆಲಾಪ ಹೆಚ್ಚು. ಭಜನೆ, ವಚನ, ತತ್ವಪದ, ಗೀಗೀಪದಗಳಲ್ಲಿ ಪದವೇ ಮುಂದೆ ನಿಲ್ಲುತ್ತದೆ.

ಈ ಸೀಮೆಯ ಭಜನಾ ಮೇಳದ ರಚನೆಯನ್ನು ಗಮನಿಸಿದರೆ ಅದರ ಚಿಕಿತ್ಸಕ ಗುಣ ತಿಳಿಯುತ್ತದೆ. ಪೇಟಿ, ತಾಳ, ದಮಡಿಗಳ ನಡುವೆ ಮುಂದಾಳು ಒಂದು ಸಾಲನ್ನು ಎತ್ತಿಕೊಡುತ್ತಾನೆ, ಹಿಮ್ಮೇಳದವರು ಅದನ್ನೇ ಮರಳಿ ಹೇಳುತ್ತಾರೆ. ಪಲ್ಲವಿ ಪ್ರತಿ ನುಡಿಯ ಕೊನೆಗೆ ತಿರುಗಿ ಬರುತ್ತದೆ, ಪ್ರತಿ ಸಲವೂ ಅದೇ ಪದ, ಅದೇ ತಾಳ. ಮಾತು ಹೋದವರು ಮೊದಲ ನುಡಿಯಲ್ಲಿ ಸುಮ್ಮನೆ ಕೇಳಿ, ಎರಡನೆಯದರಲ್ಲಿ ತಲೆದೂಗಿ, ಮೂರನೆಯದರಲ್ಲಿ ಸಾಲಿನ ಕೊನೆಯ ಪದಕ್ಕೆ ದನಿಗೂಡಿಸಲು ಇದರಲ್ಲಿ ಅವಕಾಶವಿದೆ, ಮತ್ತು ತಪ್ಪಿದರೂ ಮೇಳದ ದನಿ ಅದನ್ನು ಮುಚ್ಚಿಕೊಳ್ಳುತ್ತದೆ. ಫಿನ್ಲೆಂಡಿನಲ್ಲಿ ದೀರ್ಘಕಾಲದ ಅಫೇಸಿಯಾ ಇದ್ದ 54 ಜನರನ್ನೂ ಅವರನ್ನು ನೋಡಿಕೊಳ್ಳುವ ಮನೆಯವರಲ್ಲಿ 43 ಜನರನ್ನೂ ಒಳಗೊಂಡು ನಾಲ್ಕು ತಿಂಗಳು ಗುಂಪಿನಲ್ಲಿ ಹಾಡಿಸಿದ ಪ್ರಯೋಗ 2023ರಲ್ಲಿ ಪ್ರಕಟವಾಗಿದ್ದು, ರೋಗಿಗಳ ಸಂವಹನ ಸುಧಾರಿಸಿದ್ದಲ್ಲದೆ ಮನೆಯವರ ಹೊರೆಯೂ ತಗ್ಗಿತ್ತು. ಸೋಮವಾರಕ್ಕೋ ಏಕಾದಶಿಗೋ ಗುಡಿಯಲ್ಲಿ ಕೂಡುವ ಮೇಳಕ್ಕೆ ಹಿಂದೆ ಹೋಗುತ್ತಿದ್ದವರನ್ನು ಲಕ್ವಾ ಹೊಡೆದ ಮೇಲೆ ಮನೆಯಲ್ಲಿ ಕೂರಿಸಿಬಿಡುವುದು, ಈ ದೃಷ್ಟಿಯಿಂದ, ಅವರಿಗೆ ದೊರೆಯಬಹುದಾದ ಚಿಕಿತ್ಸೆಯನ್ನು ತಪ್ಪಿಸಿದಂತೆ.

ಹಾಡಿನ ಭಾಷೆ ಯಾವುದಿರಬೇಕೆಂಬ ಪ್ರಶ್ನೆ ಗಡಿಯಲ್ಲಿ ಸರಳವಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ, ಪಂಢರಪುರದ ವಾರಿಯಲ್ಲಿ ಮರಾಠಿ ಅಭಂಗ ಎಂಬಂತೆ ಬಾಳಿದ ಕನ್ನಡಿಗ ರೈತನಿಗೆ ಬಾಯಿಪಾಠವಾಗಿರುವ ಹಾಡುಗಳಲ್ಲಿ ಅರ್ಧ ಮರಾಠಿಯವೇ ಇರಬಹುದು. ಮೊಹರಮ್ಮಿನಲ್ಲಿ ರಿವಾಯತ ಪದ ಹಾಡಿದ ಮುಸ್ಲಿಂ ಹಿರಿಯನಿಗೆ ಕನ್ನಡದ ಪದಗಳೇ ನಾಲಿಗೆಯ ಮೇಲಿರಬಹುದು. ಎರಡು ಭಾಷೆಯವರಲ್ಲಿ ಅಫೇಸಿಯಾ ಹೇಗೆ ಇಳಿಯುತ್ತದೆ ಎಂಬುದರ ಬಗ್ಗೆ ಫ್ರಾನ್ಸಿನಲ್ಲಿ ಎರಡು ಹಳೆಯ ಸೂತ್ರಗಳು ಹುಟ್ಟಿದ್ದವು: ಮೊದಲು ಕಲಿತ ಭಾಷೆ ಹೆಚ್ಚು ಉಳಿಯುತ್ತದೆ ಎಂಬುದು ರಿಬೋ ಎಂಬವನದು, ಕಾಯಿಲೆಗೆ ಮುನ್ನ ಹೆಚ್ಚು ಬಳಸುತ್ತಿದ್ದ ಭಾಷೆ ಮೊದಲು ಮರಳುತ್ತದೆ ಎಂಬುದು 1895ರಲ್ಲಿ ಬರೆದ ಪಿತ್ರ್ ಎಂಬವನದು. ಎರಡೂ ಭಾಷೆಗಳು ಜೊತೆಜೊತೆಯಾಗಿ ಚೇತರಿಸಿಕೊಳ್ಳುವುದೇ ಹೆಚ್ಚೆಂದು ಕೆನಡಾದ ಮಿಶೆಲ್ ಪರಾದಿ ಮುಂದೆ ತೋರಿಸಿದನು. ಆದ್ದರಿಂದ ಹಾಡಿನ ಆಯ್ಕೆಯಲ್ಲಿ ಭಾಷಾಭಿಮಾನಕ್ಕಿಂತ ರೋಗಿಯ ಬದುಕಿಗೆ ಮಹತ್ವ ಕೊಡಬೇಕು. ಮಾತಿನ ಅಭ್ಯಾಸ ಮಾತ್ರ ಮನೆಯಲ್ಲಿ ದಿನವೂ ಆಡುವ ಭಾಷೆಯಲ್ಲಿ ನಡೆಯಬೇಕು.

ಹದಿಹರೆಯದಿಂದ ಮೂವತ್ತರವರೆಗಿನ ವಯಸ್ಸಿನಲ್ಲಿ ಕೇಳಿದ ಹಾಡುಗಳು ಇಳಿವಯಸ್ಸಿನಲ್ಲಿ ಹೆಚ್ಚು ಗಾಢವಾಗಿ ನೆನಪಿನಲ್ಲಿರುತ್ತವೆ. ಇಂದು ಎಪ್ಪತ್ತರ ಆಸುಪಾಸಿನಲ್ಲಿರುವ ಗಡಿಭಾಗದವರಿಗೆ ಅಂಥವೆಂದರೆ 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯ ವಚನಗಾಯನ ಮತ್ತು ಜನಪದಗೀತೆ, ಸಾಂಗಲಿ ಕೇಂದ್ರದ ಮರಾಠಿ ಭಕ್ತಿಗೀತೆ, ಗೋಕಾಕ ಸೀಮೆಯ ಶ್ರೀಕೃಷ್ಣ ಪಾರಿಜಾತದ ಪದಗಳು, ರಾಜಕುಮಾರ್ ಚಿತ್ರಗಳ ಹಾಡುಗಳು. ಹೆಂಗಸರಿಗಾದರೆ ಬೀಸುಕಲ್ಲಿನ ಪದ, ಸೋಬಾನೆ, ಜೋಗುಳಗಳು. ಇವು ಯಾವ ಅಂಗಡಿಯ ಧ್ವನಿಮುದ್ರಿಕೆಯಲ್ಲಿಯೂ ಸಿಗದೆ ಇರಬಹುದಾದ್ದರಿಂದ ಮನೆಯ ಇನ್ನೊಬ್ಬ ಹಿರಿಯಳ ದನಿಯಲ್ಲಿ ಮೊಬೈಲಿನಲ್ಲಿ ಮುದ್ರಿಸಿಕೊಳ್ಳುವುದೇ ದಾರಿ.

ಕರ್ನಾಟಕದ ಸಂಸ್ಥೆಗಳು

1965ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಕನ್ನಡದಲ್ಲಿ ಅಫೇಸಿಯಾದ ಅಧ್ಯಯನಕ್ಕೆ ತಾಯಿಬೇರು. ಅಲ್ಲಿ ಪ್ರತಿಭಾ ಕಾರಂತರು ಕನ್ನಡದ ಭಾಷಾ ಪರೀಕ್ಷೆಯನ್ನು ರೂಪಿಸಿದರು. ಅಂತರರಾಷ್ಟ್ರೀಯವಾಗಿ ಬಳಕೆಯಲ್ಲಿರುವ ವೆಸ್ಟರ್ನ್ ಅಫೇಸಿಯಾ ಪರೀಕ್ಷಾಮಾಲೆಯ ಕನ್ನಡ ರೂಪವನ್ನು ಶ್ಯಾಮಲಾ ಚೆಂಗಪ್ಪ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದರು. ನಿರರ್ಗಳತೆ ಕುಂದಿದ ವಯಸ್ಕರಿಗಾಗಿ ಕನ್ನಡದಲ್ಲಿಯೇ ಚಿಕಿತ್ಸಾ ಕೈಪಿಡಿಯೂ ಸಿದ್ಧವಾಗಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಶಾಂತಲಾ ಹೆಗಡೆ ಅವರ ನೇತೃತ್ವದ ಪ್ರಯೋಗಾಲಯ ಸಂಗೀತ ಮತ್ತು ಮಿದುಳಿನ ಸಂಬಂಧವನ್ನೂ ನರರೋಗಿಗಳ ಪುನಶ್ಚೇತನದಲ್ಲಿ ಸಂಗೀತದ ಬಳಕೆಯನ್ನೂ ಅಭ್ಯಸಿಸುತ್ತಿದೆ. ಮೈಸೂರು ಕನ್ನಡದಲ್ಲಿ ರಚಿತವಾದ ಸಾಮಗ್ರಿಯನ್ನು ಬೆಳಗಾವಿ ಸೀಮೆಯಲ್ಲಿ ಬಳಸುವಾಗ ಚಿಕಿತ್ಸಕರು ಸ್ಥಳೀಯ ಮಾತನ್ನು ಒಪ್ಪಿಕೊಳ್ಳಬೇಕು. ಈರುಳ್ಳಿಯ ಚಿತ್ರಕ್ಕೆ ಉಳ್ಳಾಗಡ್ಡಿ ಎಂದವರು ಸರಿಯಾಗಿಯೇ ಉತ್ತರಿಸಿದ್ದಾರೆ. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆ ಅಫೇಸಿಯಾದಿಂದ ಉಂಟಾದ ಶಾಶ್ವತ ಮಾತು ಮತ್ತು ಭಾಷಾ ನ್ಯೂನತೆಯನ್ನು ಹೆಸರಿಸಿಯೇ ಪಟ್ಟಿಯಲ್ಲಿ ಸೇರಿಸಿದೆಯಾದರೂ ಈ ಹಕ್ಕಿನ ಅರಿವು ಹಳ್ಳಿಗಳಿಗೆ ಇನ್ನೂ ಸಾಕಷ್ಟು ತಲುಪಿಲ್ಲ.

ಮಿತಿ ಮತ್ತು ಬಳಕೆ

ಫಿನ್ಲೆಂಡಿನ ಪ್ರಯೋಗಗಳು ಚಿಕ್ಕವು, ಅವುಗಳಲ್ಲಿ ಭಾಗವಹಿಸಿದವರು ಫಿನ್ನಿಶ್ ಮಾತಾಡುವವರು, ಮತ್ತು ಎಲ್ಲರಿಗೂ ಒಳ್ಳೆಯ ಆಸ್ಪತ್ರೆಯ ಆರೈಕೆ ದೊರೆತಿತ್ತು ಎಂಬುದನ್ನು ಮರೆಯಬಾರದು. ಪಾರ್ಶ್ವವಾಯುವಿನ ನಂತರ ಕೆಲವರಿಗೆ ಸ್ವರಗಳ ಭೇದವೇ ತಿಳಿಯದಂತಾಗಿ ಸಂಗೀತ ಗದ್ದಲವಾಗಿ ಕೇಳಿಸುತ್ತದೆ, ಅಂಥವರಿಗೆ ಒತ್ತಾಯಿಸಬಾರದು. ಕಿವಿ ಮಂದವಾಗಿದ್ದರೆ ಮೊದಲು ಅದರ ಪರೀಕ್ಷೆಯಾಗಬೇಕು. ಟಿ.ವಿ. ಮತ್ತು ಮನೆಮಂದಿಯ ಮಾತಿನ ನಡುವೆ ಹಾಡು ಹಚ್ಚಿಟ್ಟರೆ ಪ್ರಯೋಜನ ಕಡಿಮೆ. ದಿನಕ್ಕೊಂದು ಗಂಟೆ, ಬೇಕಾದರೆ ಎರಡು ಮೂರು ಸಲಕ್ಕೆ ಹಂಚಿ, ರೋಗಿ ಗಮನವಿಟ್ಟು ಕೇಳುವಂತಿರಬೇಕು. ಹೆಸರು ಹೇಳಲಾರದವರ ಇಷ್ಟವನ್ನು ತಿಳಿಯಲು ನಾಲ್ಕಾರು ಹಾಡುಗಳನ್ನು ಕೇಳಿಸಿ ಮುಖಭಾವ, ಕೈಸನ್ನೆ, ಕಾಲಿನ ತಾಳಗಳನ್ನು ನೋಡಬೇಕು. ಕೇಳಿದ ಮೇಲೆ ಅದೇ ಹಾಡನ್ನು ಕೂಡಿ ಗುನುಗಿ, ಅದರ ಒಂದೆರಡು ಪದಗಳನ್ನು ವಸ್ತು ತೋರಿಸುತ್ತ ಆಡಿಸಿದರೆ ಶ್ರವಣ ಅಭ್ಯಾಸಕ್ಕೆ ಕೂಡಿಕೊಳ್ಳುತ್ತದೆ.

ಇವೆಲ್ಲವೂ ಪ್ರಾಣ ಉಳಿದ ಮೇಲಿನ ಮಾತು. ಬಾಯಿ ಸೊಟ್ಟಗಾಗಿ, ಕೈ ಜೋಲುಬಿದ್ದು, ಮಾತು ತೊದಲಿದ ಕೂಡಲೇ ನಾಟಿ ಔಷಧಕ್ಕೆ ಹೋಗಿ ಹೊತ್ತು ಕಳೆಯದೆ, 108ಕ್ಕೆ ಕರೆಮಾಡಿ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಒಯ್ಯಬೇಕು, ಏಕೆಂದರೆ ನಾಳ ಕಟ್ಟಿದ ರಕ್ತದ ಗರಣೆಯನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಮಾತ್ರ ಕೊಡಲಾಗುತ್ತದೆ. ಆಸ್ಪತ್ರೆಯಿಂದ ಮನೆಗೆ ಕರೆತರುವ ಮುನ್ನ ಮನೆಯವರು ವಾಕ್ ಚಿಕಿತ್ಸಕರನ್ನು ಕಾಣಬೇಕು. ಕಾಣಲು ಹೋಗುವಾಗ ರೋಗಿ ಯಾವ ಭಾಷೆಗಳನ್ನು ಎಲ್ಲಿ ಆಡುತ್ತಿದ್ದರು, ಯಾವ ಹಾಡುಗಳನ್ನು ಬಾಯಿಪಾಠವಾಗಿ ಬಲ್ಲರು ಎಂಬ ಎರಡು ಪಟ್ಟಿಗಳನ್ನು ಬರೆದುಕೊಂಡು ಹೋಗಬೇಕು.